ಚಾಪೆಯ ಮೇಲೆ ತೇರ್ಸ್

ವಿಕ್ರೋಳಿ ಪೂರ್ವದ ಕನ್ನಮ್‌ವಾರ್ ನಗರದಲ್ಲಿ, ಹೌಸಿಂಗ್ ಬೋರ್ಡಿನ ಹಳೆಯ ಕಟ್ಟಡವೊಂದರಲ್ಲಿರುವ ಕ್ಯಾಥೊಲಿಕ್ ಹೆಂಗಸೊಬ್ಬರನ್ನು ಕಲ್ಪಿಸಿಕೊಳ್ಳಿ. (ಆ ಹೆಸರಿನಲ್ಲಿ ಕನ್ನಡವನ್ನು ಹುಡುಕುವುದು ಬೇಡ. ಮಹಾರಾಷ್ಟ್ರದ ಎರಡನೇ ಮುಖ್ಯಮಂತ್ರಿ ಮಾರೋತರಾವ್ ಕನ್ನಮ್‌ವಾರರ ಹೆಸರದು.) ಹುಟ್ಟೂರು ಕಾರ್ಕಳದ ಕಡೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಹಿಂದಿ. ಮುಂಬೈಯ ಉಪನಗರಗಳಲ್ಲಿ ಅಂಥವರು ಅಪರೂಪವೇನಲ್ಲ. ವಯಸ್ಸು ಐವತ್ತೈದು ದಾಟಿದೆ. ಸೊಂಟನೋವಿಗೆ ಡಾಕ್ಟರು ಯೋಗ ಮಾಡಿ ನೋಡಿ ಎಂದರು. ಸೊಸೈಟಿಯ ಹಾಲಿನಲ್ಲಿ ಬೆಳಗಿನ ತರಗತಿಗೆ ಸೇರಿದರು.

ಮೂರು ತಿಂಗಳಲ್ಲಿ ನೋವು ಇಳಿಯಿತು. ಅದರ ಜೊತೆಗೆ, ಯಾರೂ ಹೇಳಿರದ ಇನ್ನೊಂದು ಸಂಗತಿಯೂ ನಡೆಯಿತು. ಚಿಕ್ಕಂದಿನಿಂದ ಗಡಿಬಿಡಿಯಲ್ಲಿ ಬಾಯಿಪಾಠ ಒಪ್ಪಿಸುತ್ತ ಬಂದಿದ್ದ ತೇರ್ಸಿನ ಮಾತುಗಳು, ಶವಾಸನದಲ್ಲಿ ಮಲಗಿದ್ದಾಗ, ಉಸಿರಿನ ಜೊತೆಜೊತೆಗೆ ತಾವಾಗಿಯೇ ಬರತೊಡಗಿದವು. ಮರುದಿನದಿಂದ ಅವರು ಮನೆಯಲ್ಲೇ, ಮಂಚ ಮತ್ತು ಕಪಾಟಿನ ನಡುವಿನ ಜಾಗದಲ್ಲಿ ಚಾಪೆ ಹಾಸಿ, ನಾಲ್ಕಾರು ಆಸನ ಮುಗಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತು ಜಪಸರ ಹಿಡಿದರು.

ಇಂಥ ವಿಷಯ ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ. ಪ್ರಾರ್ಥನಾಕೂಟದ ಗೆಳತಿ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿ, “ಬಾಯಿ, ಇದು ಸೈತಾನನಿಗೆ ಬಾಗಿಲು ತೆಗೆದ ಹಾಗೆ” ಎಂದರು. ಕೆಳಗಿನ ಮನೆಯ ಹುಡುಗ ನಗುತ್ತ, “ಆಂಟಿ, ಕೊನೆಗೂ ನಮ್ಮ ದಾರಿಗೆ ಬಂದ್ರಿ” ಎಂದ. ಒಬ್ಬರಿಗೆ ಭಯ, ಇನ್ನೊಬ್ಬನಿಗೆ ಖುಷಿ. ಆದರೆ ಇಬ್ಬರ ನಂಬಿಕೆಯೂ ಒಂದೇ: ಆ ಚಾಪೆಯ ಮೇಲೆ ಕೂತ ಕ್ರೈಸ್ತಳು ಕ್ರೈಸ್ತಳಾಗಿ ಎದ್ದುಬರಲಾರಳು. ಈ ನಂಬಿಕೆ ತಪ್ಪು. ಅದು ತಪ್ಪೆಂದು ತೋರಿಸಲು ದೂರ ಹೋಗಬೇಕಾಗಿಯೂ ಇಲ್ಲ. ಲೋಕಲ್ ಹಿಡಿದು ದಾದರಿನಲ್ಲಿಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನಿನಲ್ಲಿ ಬಾಂದ್ರಾಕ್ಕೆ ಹೋದರೆ ಸಾಕು.

ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನ ಆವರಣದಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ‘ಕೃಪಾ ಫೌಂಡೇಶನ್’ ಆರಂಭಿಸಿದರು. ಕುಡಿತ ಮತ್ತು ಮಾದಕವಸ್ತುಗಳ ಚಟದಿಂದ ಹೊರಬರಲು ಬಯಸುವವರಿಗಾಗಿ ಹುಟ್ಟಿದ ಸಂಸ್ಥೆ ಅದು. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ಜೊತೆಗೆ ಅಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗವನ್ನೂ ಕಲಿಸುತ್ತಾರೆ. ಫಾದರ್ ಜೋ ಸ್ವತಃ ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರು. ಕ್ರೈಸ್ತ ಧ್ಯಾನಕ್ಕೆ ಯೋಗ ಹೇಗೆ ಒದಗುತ್ತದೆ ಎಂಬುದನ್ನು ದಶಕಗಳಿಂದ ಕಲಿಸುತ್ತ ಬಂದವರು. 2009ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕುಡಿತ ಬಿಡುತ್ತಿರುವವನ ಕೈ ನಡುಗುತ್ತಿರುತ್ತದೆ, ನಿದ್ದೆ ಬರುವುದಿಲ್ಲ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಅಂಥವನಿಗೆ ‘ಪ್ರಾರ್ಥನೆ ಮಾಡು’ ಎಂದರೆ ಅವನು ಎಲ್ಲಿಂದ ಶುರುಮಾಡಬೇಕು? ಮೊದಲು ಅವನು ಕೂರಬೇಕು, ಕೂರುವಷ್ಟು ಮೈ ಅವನ ಮಾತು ಕೇಳಬೇಕು. ಪ್ರಾರ್ಥನೆಗೆ ಮೈ ಬೇಕೋ ಬೇಡವೋ ಎಂಬುದು ಅವನಿಗೆ ಸೆಮಿನಾರಿನ ಪ್ರಶ್ನೆಯಲ್ಲ.

ಆ ಅಯ್ಯಂಗಾರರು ಎಲ್ಲಿಯವರು? ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ರೋಗಿಷ್ಠ ಹುಡುಗನಾಗಿ ಮೈಸೂರಿಗೆ ಬಂದು, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಭಾವ ಟಿ. ಕೃಷ್ಣಮಾಚಾರ್ಯರಿಂದ ಕಲಿತರು. ಹಣೆಯ ಮೇಲೆ ನಾಮ ಧರಿಸುತ್ತಿದ್ದ ಈ ಶ್ರೀವೈಷ್ಣವರು ಪುಣೆಯಿಂದ ವಾರಾಂತ್ಯಕ್ಕೆ ಮುಂಬೈಗೆ ಬಂದು ಕಲಿಸುತ್ತಿದ್ದ ಜಾಗಗಳಲ್ಲೊಂದು ಕೂಪರೇಜ್ ಬಳಿಯ ಕ್ಯಾಂಪಿಯನ್ ಶಾಲೆ. ಅದು ಜೆಸ್ವಿಟ್ ಪಾದ್ರಿಗಳ ಶಾಲೆ. ಅಲ್ಲಿ ತಲೆಕೆಳಗಾಗಿ ನಿಂತ ಪಾರ್ಸಿ, ಕ್ರೈಸ್ತ, ಹಿಂದೂ ಶಿಷ್ಯರ ಕಾಲುಗಳನ್ನು ಅವರು ಸರಿಪಡಿಸುತ್ತಿದ್ದರು, ಧರ್ಮವನ್ನಲ್ಲ. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಶಿಕ್ಷಣ ಪ್ರಾಧಿಕಾರ ವಯಸ್ಕರ ತರಗತಿಗಳಲ್ಲಿ ಇದೇ ಪದ್ಧತಿಗೆ ಅವಕಾಶ ಕೊಟ್ಟಾಗ ಒಂದು ಷರತ್ತು ಹಾಕಿತು: ಆಸನ, ಪ್ರಾಣಾಯಾಮ ಕಲಿಸಬಹುದು, ಯೋಗದ ತತ್ತ್ವ ಕಲಿಸಕೂಡದು. ಯೋಗವನ್ನು ಸೀಳಿ ಅರ್ಧ ಮಾತ್ರ ತೆಗೆದುಕೊಳ್ಳುವ ಯೋಚನೆ ಹೊಸದಲ್ಲ.

ಈಗ ಗೆಳತಿಯ ಭಯದ ಕಡೆಗೆ ಬರೋಣ. ಅದನ್ನು ಮೂಢತನ ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. 1989ರ ಅಕ್ಟೋಬರ್ 15ರಂದು ವ್ಯಾಟಿಕನ್ನಿನ ಧರ್ಮತತ್ತ್ವ ವಿಭಾಗ ಕ್ರೈಸ್ತ ಧ್ಯಾನದ ಬಗ್ಗೆ ಬಿಷಪರಿಗೆಲ್ಲ ಒಂದು ಪತ್ರ ಕಳಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಮುಂದೆ ಪೋಪ್ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್. ಝೆನ್, ಭಾವಾತೀತ ಧ್ಯಾನ, ಯೋಗ, ಮೂರನ್ನೂ ಆ ಪತ್ರ ಹೆಸರಿಸುತ್ತದೆ. ಅದು ಯೋಗವನ್ನು ನಿಷೇಧಿಸಿತು ಎಂದು ಹಲವರು ಹೇಳುತ್ತಾರೆ. ಪತ್ರ ಹಾಗೆ ಹೇಳುವುದಿಲ್ಲ. ಇತರ ಧರ್ಮಗಳ ಪದ್ಧತಿಗಳಿಂದ ಪ್ರಾರ್ಥನೆಗೆ ಒದಗುವುದನ್ನು ತೆಗೆದುಕೊಳ್ಳಬಹುದು, ಆದರೆ ಮೈ ಹಗುರಾದ ಸುಖವನ್ನೇ ಪವಿತ್ರಾತ್ಮನ ಸಮಾಧಾನ ಎಂದು ಭ್ರಮಿಸಬಾರದು ಎಂಬುದು ಅದರ ಎಚ್ಚರಿಕೆ. ಒಳ್ಳೆಯ ಎಚ್ಚರಿಕೆಯೇ. ಯಾವ ಯೋಗಗುರುವೂ ಇದನ್ನು ಅಲ್ಲಗಳೆಯಲಾರರು. ಸಾಧಕನಿಗೆ ದಾರಿಯಲ್ಲಿ ಸಿಗುವ ಸಿದ್ಧಿಗಳಿಗೆ ಮರುಳಾಗಬೇಡ ಎಂದು ಪತಂಜಲಿಯೂ ಹೇಳಿದ್ದಾನಲ್ಲ.

ಕಟುವಾಗಿ ಮಾತಾಡಿದವರೂ ಇದ್ದಾರೆ. ಮುಂಬೈಯ ಮಲಯಾಳಿ ಕ್ರೈಸ್ತರಲ್ಲಿ ಹಲವರು ಸೇರಿರುವ ಸಿರೋ-ಮಲಬಾರ್ ಸಭೆಯ ಧರ್ಮತತ್ತ್ವ ಆಯೋಗ 2018ರಲ್ಲಿ, ಯೋಗ ಮತ್ತು ಕ್ರೈಸ್ತ ವಿಶ್ವಾಸ ಒಂದಕ್ಕೊಂದು ಹೊಂದುವುದಿಲ್ಲ ಎಂಬ ನಿಲುವಿನ ವರದಿ ಕೊಟ್ಟಿತು. ಮುಂಬೈಯಲ್ಲೇ ಹುಟ್ಟಿದ ಜೆಸ್ವಿಟ್ ಆಂತೊನಿ ಡಿ ಮೆಲ್ಲೊ 1978ರಲ್ಲಿ ‘ಸಾಧನಾ’ ಎಂಬ ಪುಸ್ತಕದಲ್ಲಿ ಉಸಿರನ್ನು, ಮೈಯ ಸಂವೇದನೆಗಳನ್ನು ಗಮನಿಸುತ್ತ ಪ್ರಾರ್ಥಿಸುವುದನ್ನು ಕಲಿಸಿದರು. ಅವರು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, 1998ರಲ್ಲಿ, ಅವರ ಬರಹಗಳ ಬಗ್ಗೆಯೂ ವ್ಯಾಟಿಕನ್ ಎಚ್ಚರಿಕೆ ಹೊರಡಿಸಿತು.

ಆದರೆ ಈ ಭಯ ತನ್ನ ಮನೆಯನ್ನೇ ಮರೆತಿದೆ. ಮಂಡಿಯೂರುವುದು, ಎದೆ ಬಡಿದುಕೊಳ್ಳುವುದು, ಶುಭ ಶುಕ್ರವಾರ ಪಾದ್ರಿ ಬಲಿಪೀಠದ ಮುಂದೆ ಬೋರಲಾಗಿ ಮಲಗುವುದು, ಇವೆಲ್ಲ ಏನು? ಸಂತ ಡೊಮಿನಿಕ್ ಮೈಯನ್ನು ಒಂಬತ್ತು ಬಗೆಯಲ್ಲಿ ಬಾಗಿಸಿ, ಚಾಚಿ, ನಿಲ್ಲಿಸಿ ಪ್ರಾರ್ಥಿಸುತ್ತಿದ್ದುದನ್ನು ವಿವರಿಸುವ 13ನೇ ಶತಮಾನದ ಕಿರುಗ್ರಂಥವೊಂದಿದೆ. ಜೆಸ್ವಿಟರ ಮೂಲಪುರುಷ ಇಗ್ನೇಷಿಯಸ್ ಲೊಯೊಲಾ ತನ್ನ ‘ಆಧ್ಯಾತ್ಮಿಕ ಅಭ್ಯಾಸಗಳು’ ಕೃತಿಯಲ್ಲಿ ಹೇಳುವ ಪ್ರಾರ್ಥನೆಯ ಮೂರನೇ ವಿಧಾನವೆಂದರೆ, ಒಂದೊಂದು ಉಸಿರಿಗೆ ಪ್ರಾರ್ಥನೆಯ ಒಂದೊಂದೇ ಪದ. ವಿಕ್ರೋಳಿಯ ಆ ಹೆಂಗಸು ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ. 14ನೇ ಶತಮಾನದಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ಸನ್ಯಾಸಿಗಳು ತಲೆ ತಗ್ಗಿಸಿ, ಉಸಿರು ಹದಮಾಡಿ ಯೇಸುವಿನ ಹೆಸರನ್ನು ಜಪಿಸುತ್ತಿದ್ದರು. ‘ಹೊಕ್ಕುಳಲ್ಲಿ ಆತ್ಮ ಇಟ್ಟುಕೊಂಡವರು’ ಎಂದು ಬಾರ್ಲಾಮ್ ಎಂಬ ಪಂಡಿತ ಅವರನ್ನು ಗೇಲಿ ಮಾಡಿದ. ಅವರ ಪರವಾಗಿ ನಿಂತ ಗ್ರೆಗರಿ ಪಲಮಾಸನನ್ನು ಪೂರ್ವದ ಸಭೆ ಸಂತನೆಂದು ಸಾರಿತು. ವಾಟ್ಸಾಪ್ ವಿಡಿಯೋದ ಜಗಳಕ್ಕೆ ಏಳು ಶತಮಾನದ ವಯಸ್ಸಾಗಿದೆ.

ಇದಕ್ಕಿಂತ ಹತ್ತಿರದ ಸಾಕ್ಷಿ ಭಾಷೆಯಲ್ಲಿದೆ. ಕನ್ನಡ ಕ್ರೈಸ್ತರು ತಮ್ಮ ಆರಾಧನೆಗೆ ಬಲಿಪೂಜೆ ಎನ್ನುತ್ತಾರೆ. ಅಲ್ಲಿ ಸ್ವೀಕರಿಸುವುದು ಪರಮಪ್ರಸಾದ. ಸಭೆಗೆ ಸೇರುವುದು ದೀಕ್ಷಾಸ್ನಾನದಿಂದ. ಪೂಜೆ, ಪ್ರಸಾದ, ದೀಕ್ಷೆ: ಮೂರೂ ದೇವಸ್ಥಾನ ಮತ್ತು ಮಠಗಳಿಂದ ಬಂದ ಪದಗಳು. 19ನೇ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಕುಳಿತು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಮತ್ತು ಅವರ ನಂತರದವರಿಗೆ ಬೇರೆ ದಾರಿಯೂ ಇರಲಿಲ್ಲ. ಹೀಬ್ರೂವಿನ ‘ರೂಅಹ್’, ಗ್ರೀಕಿನ ‘ಪ್ನ್ಯೂಮ’ ಎರಡಕ್ಕೂ ಗಾಳಿ, ಉಸಿರು, ಆತ್ಮ ಎಂಬ ಅರ್ಥಗಳೆಲ್ಲ ಇವೆ. ಕನ್ನಡದಲ್ಲಿ ಅಂಥ ಒಂದೇ ಪದವಿಲ್ಲ. ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಯೇಸು ಆ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸುವಾಗ ಕನ್ನಡ ಅನುವಾದ ಒಮ್ಮೆ ಗಾಳಿ, ಒಮ್ಮೆ ಆತ್ಮ ಎನ್ನಬೇಕಾಗುತ್ತದೆ. ಆತ್ಮ ಎಂಬ ಪದವೋ ಉಪನಿಷತ್ತುಗಳ ಕಾಲದಿಂದ ಬೇರೆಯದೇ ಅರ್ಥ ಹೊತ್ತು ಬಂದದ್ದು. ಅದನ್ನು ತಂದು ಪವಿತ್ರಾತ್ಮ ಎಂದು ಕಟ್ಟಿದರು. ಅದರಿಂದ ಯಾವ ಕ್ರೈಸ್ತನೂ ಅದ್ವೈತಿಯಾಗಲಿಲ್ಲ. ಎರಡು ಶತಮಾನ ಪ್ರಾರ್ಥಿಸಿದವರು ಆ ಪದಕ್ಕೆ ಹೊಸದೊಂದು ಅರ್ಥ ಕೂಡಿಸಿದರು, ಹಳೆಯದನ್ನು ಅಳಿಸಲಿಲ್ಲ.

ಕೊಂಕಣಿಯಲ್ಲಿ ಇದು ಇನ್ನೂ ಸ್ಪಷ್ಟ. ಮರಿಯಮ್ಮನ ಪ್ರಾರ್ಥನೆ ಅಲ್ಲಿ ಶುರುವಾಗುವುದೇ ‘ನಮಾನ್’ ಎಂಬ ಪದದಿಂದ. ನಮನ, ನಮಸ್ಕಾರಗಳ ಒಡಹುಟ್ಟು ಅದು. ಅದರ ಬೆನ್ನಿಗೇ ಬರುವ ‘ಕುರ್ಪಾ’ ನಮ್ಮ ಕೃಪೆಯೇ. ಒಂದು ಸುತ್ತು ತೇರ್ಸಿಗೆ ಐವತ್ತಮೂರು ಸಲ ನಮಸ್ಕಾರ ಹೇಳುವವರಿಗೆ ಯೋಗದ ತರಗತಿಯ ನಮಸ್ತೆ ಹೇಗೆ ಅಪಾಯವಾದೀತು?

ಅಮೆರಿಕದ ಅಲಬಾಮಾ ರಾಜ್ಯಕ್ಕೆ ಅದು ಅಪಾಯವಾಗಿ ಕಂಡಿದೆ. ಅಲ್ಲಿನ ಶಾಲೆಗಳಲ್ಲಿ 1993ರಿಂದ ಯೋಗ ನಿಷಿದ್ಧವಾಗಿತ್ತು. 2021ರಲ್ಲಿ ಕಾನೂನು ಸಡಿಲವಾಯಿತು. ಆದರೆ ಆಸನಗಳಿಗೆ ಇಂಗ್ಲಿಷ್ ಹೆಸರೇ ಇರಬೇಕು. ಮಂತ್ರ, ಮುದ್ರೆ, ನಮಸ್ತೆ ಕೂಡದು. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಇನ್ನೊಂದು ಪ್ರಕರಣ. ಹಾಸನ ಜಿಲ್ಲೆಯ ಕೌಶಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಕಲಿಸಿದ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನದ ಹಣದಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಯೋಗ ನಡೆಯುತ್ತಿತ್ತು. ಕ್ರೈಸ್ತ ಪೋಷಕರು ಕೋರ್ಟಿಗೆ ಹೋದರು. ಶಾಲೆ ಪದ್ಮಾಸನಕ್ಕೆ ಮಕ್ಕಳ ಆಟದ ಹೆಸರೊಂದನ್ನು ಇಟ್ಟಿತು. ಅಲ್ಲಿ ಕಲಿಸುತ್ತಿರುವುದು ಧರ್ಮವಲ್ಲ ಎಂದು 2013ರಲ್ಲಿ ಕೆಳಗಿನ ಕೋರ್ಟು, 2015ರಲ್ಲಿ ಮೇಲ್ಮನವಿ ಕೋರ್ಟು ಹೇಳಿದವು. ಶಾಲೆ ಗೆದ್ದಿತು ನಿಜ. ಆದರೆ ಹೆಸರು ಕಿತ್ತು ವಸ್ತು ಇಟ್ಟುಕೊಳ್ಳುವುದರಲ್ಲಿ ಏನೋ ಕದ್ದ ಹಾಗಿದೆ. ಫಾದರ್ ಜೋ ದಾರಿ ಇದಕ್ಕಿಂತ ನೇರವಾದದ್ದು: ತನ್ನ ಗುರು ಯಾರು, ವಿದ್ಯೆ ಎಲ್ಲಿಯದು ಎಂದು ಬಾಯಿಬಿಟ್ಟು ಹೇಳಿ, ಅದನ್ನು ತನ್ನ ಪ್ರಾರ್ಥನೆಗೆ ಬಳಸುವುದು. ಸಾಲ ತೆಗೆದುಕೊಂಡವನು ಸಾಲ ಕೊಟ್ಟವನ ಹೆಸರು ಹೇಳಬೇಕು. ಅದಕ್ಕಾಗಿ ಅವನ ಮನೆದೇವರಿಗೆ ಹರಕೆ ಹೊರಬೇಕಾಗಿಲ್ಲ.

ಇನ್ನು ಕೆಳಗಿನ ಮನೆಯ ಹುಡುಗ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲದಿರಬಹುದು. ಆದರೆ ‘ನಮ್ಮ ದಾರಿ’ ಎಂಬ ಮಾತಿಗೆ ಈಚಿನ ವರ್ಷಗಳಲ್ಲಿ ಬೇರೆ ತೂಕ ಬಂದಿದೆ. ಮೊದಲ ಅಂತರರಾಷ್ಟ್ರೀಯ ಯೋಗ ದಿನ 2015ರ ಜೂನ್ 21ರಂದು ಬಂತು. ಅಂದು ಭಾನುವಾರ. ಪೂಜೆಗೆ ಹೋಗುವ ದಿನವೇ ಏಕೆ ಎಂದು ಕೆಲವು ಕ್ರೈಸ್ತ ಸಂಘಟನೆಗಳು ಕೇಳಿದವು. ಮುಸ್ಲಿಂ ಸಂಘಟನೆಗಳ ಆಕ್ಷೇಪದ ನಡುವೆ ಸರ್ಕಾರ ಸೂರ್ಯನಮಸ್ಕಾರವನ್ನು ಆ ದಿನದ ಕಾರ್ಯಕ್ರಮದಿಂದ ಕೈಬಿಟ್ಟಿತು. ಶಾಲೆಗಳಲ್ಲಿ ಯೋಗವನ್ನು ಕಡ್ಡಾಯ ಮಾಡಬೇಕೆಂಬ ಅರ್ಜಿಯನ್ನು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಡ್ಡಾಯವಾದ ಆಸನ ಪೆರೇಡ್ ಆಗುತ್ತದೆ. ಸೂರ್ಯನಿಗೆ ಕೈಮುಗಿಯಲು ಒಲ್ಲದ ಮಗುವಿನ ‘ಬೇಡ’ಕ್ಕೂ, ಆಸನ ಮುಗಿಸಿ ಜಪಸರ ಹಿಡಿಯುವ ಹೆಂಗಸಿನ ‘ಬೇಕು’ಗೂ ಒಂದೇ ರಕ್ಷಣೆ ಸಿಗಬೇಕು. ಒಂದನ್ನು ಕಾಯದವರು ಇನ್ನೊಂದನ್ನು ಕಾಯುತ್ತೇವೆ ಎಂದರೆ ನಂಬುವುದು ಕಷ್ಟ.

ಆ ಹುಡುಗನಿಗೆ ಉತ್ತರ ಬೇಕಿದ್ದರೆ ಕಾರ್ಕಳದ ಪಕ್ಕದ ಅತ್ತೂರಿನಲ್ಲಿದೆ. ಜನವರಿಯ ಸಂತ ಲಾರೆನ್ಸರ ಜಾತ್ರೆಗೆ ಹಿಂದೂಗಳೂ ಸಾಲುಗಟ್ಟಿ ಬಂದು ಮೋಂಬತ್ತಿ ಹಚ್ಚುತ್ತಾರೆ. ಅವರು ಕ್ರೈಸ್ತರ ದಾರಿಗೆ ಬಂದರೆಂದು ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹರಕೆ ಒಪ್ಪಿಸಿ, ಸಂತೆಯಲ್ಲಿ ಮಿಠಾಯಿ ಕೊಂಡು, ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ.

ಒಂದು ತೊಡಕು ಉಳಿಯುತ್ತದೆ. ಸೊಸೈಟಿಯ ತರಗತಿ ಮುಗಿಯುವುದು ಮೂರು ಸಲ ಓಂಕಾರದಿಂದ. ಅದು ಬರೀ ಸದ್ದು, ಯಾರು ಬೇಕಾದರೂ ಹೇಳಬಹುದು ಎಂದು ಕಲಿಸುವವರು ಹೇಳುತ್ತಾರೆ. ಅದು ಬರೀ ಸದ್ದಲ್ಲ ಎಂಬುದು ಅದನ್ನು ನಂಬುವವರಿಗೂ ಗೊತ್ತು, ಅಂಜುವವರಿಗೂ ಗೊತ್ತು. ಹಾಗಾಗಿ ಅವರು ಆ ಹೊತ್ತಿಗೆ ಕೈಮುಗಿದು ಸುಮ್ಮನೆ ಕುಳಿತಿರುತ್ತಾರೆ. ಪಕ್ಕದ ಚಾಪೆಯವರು ಅದನ್ನು ಗಮನಿಸಿದ್ದಾರೆ, ಏನೂ ಕೇಳಿಲ್ಲ. ಆಮೇಲೆ ಎಲ್ಲರೂ ಚಾಪೆ ಸುತ್ತುತ್ತಾರೆ. ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಾಗಿರುತ್ತದೆ.