ತಲೆ ಎತ್ತಿ ನೋಡಿದರೆ ತಪ್ಪೇನು?

"ತಲಿ ಕೆಳಗ ಹಾಕ್ಕೊಂಡು ಹೋಗು, ತಲಿ ಕೆಳಗ ಹಾಕ್ಕೊಂಡು ಬಾ." ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಮಗಳು ಶಾಲೆಗೆ ಹೊರಟರೆ ತಾಯಂದಿರು ಹೇಳುವ ಮಾತಿದು. ನೆಲ ನೋಡಿ ನಡೆಯುವವಳು ಮರ್ಯಾದಸ್ಥೆ, ಅತ್ತಿತ್ತ ನೋಡುವವಳು ಚೆಲ್ಲುಚೆಲ್ಲು. ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಂಡು ಬಂದಿರುವ ನಾನು ಈ ಬುದ್ಧಿಮಾತನ್ನು ಒಪ್ಪಲಾರೆ.

ತಾಯಂದಿರ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ತಲೆ ಬಗ್ಗಿಸಿ ನಡೆದವಳಿಗೆ ತನ್ನ ಹಿಂದೆ ಬರುತ್ತಿರುವವನ ಮುಖವೂ ಗೊತ್ತಾಗುವುದಿಲ್ಲ. ಅವಳನ್ನು ಕಾಯುವುದು ಅವಳ ಕಣ್ಣೇ ಹೊರತು ಬಗ್ಗಿದ ಕುತ್ತಿಗೆಯಲ್ಲ.

ನೋಡುವುದೂ ಕಲಿಯಬೇಕಾದ ವಿದ್ಯೆ. ಶಹಾಪುರದ ಬೆಟ್ಟವನ್ನೇ ತೆಗೆದುಕೊಳ್ಳಿ. ಯಾರಾದರೂ ಬೆರಳು ಮಾಡಿ ತೋರಿಸುವವರೆಗೆ ಅದು ಬರೀ ಕಲ್ಲುಗುಡ್ಡ. ತೋರಿಸಿದ ಮೇಲೆ ಮಲಗಿದ ಬುದ್ಧ ಕಾಣುತ್ತಾನೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಅಗೆಸಿ ನೋಡಿದರು. ಆದಿಮಾನವರು ಸುಣ್ಣದ ಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಜಾಗ ಅದು, ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜು. ಅಂಥ ನೆಲದಲ್ಲೇ ನಮ್ಮ ಹೆಣ್ಣುಮಕ್ಕಳು ತಲೆಮಾರುಗಟ್ಟಲೆ ಕಳೆ ತೆಗೆದಿದ್ದಾರೆ, ಕುರಿ ಕಾಯ್ದಿದ್ದಾರೆ. ಅವರಿಗೆ ಕಣ್ಣಿರಲಿಲ್ಲವೇ? ಇತ್ತು. ನೋಡು ಎನ್ನುವವರಿರಲಿಲ್ಲ.

ಹೆಣ್ಣಿಗೆ ಗಮನ ಸಾಲದು ಎಂದರೆ ನಂಬಬೇಡಿ. ಹಂಚಿನ ಮೇಲಿನ ರೊಟ್ಟಿ ತಿರುವುವ ಹೊತ್ತು, ಮಗುವಿನ ಮೈಬಿಸಿ, ಹೆಜ್ಜೆ ಸಪ್ಪಳದಲ್ಲೇ ಗಂಡನ ಸಿಟ್ಟು, ಎಲ್ಲವೂ ನಮಗೆ ತಿಳಿಯುತ್ತದೆ. ಈ ಕಣ್ಣು ಹೊಸ್ತಿಲೊಳಗೆ ಬೇಕು, ಹೊಸ್ತಿಲಾಚೆ ಬೇಡ ಎಂಬುದು ಯಾವ ನ್ಯಾಯ?

"ಊರ ಉಸಾಬರಿ ನಿನಗ್ಯಾಕ?" ಎನ್ನುವವರಿದ್ದಾರೆ. ಇಣುಕಿ ಆಡಿಕೊಳ್ಳುವುದು ಬೇರೆ, ಗಮನಿಸುವುದು ಬೇರೆ. ಆಡಿಕೊಳ್ಳುವವಳಿಗೆ ಪಕ್ಕದ ಮನೆ ಹುಡುಗಿಯ ಚೂಡಿದಾರ ಕಾಣುತ್ತದೆ. ಗಮನಿಸುವವಳಿಗೆ ಆ ಹುಡುಗಿ ಎಂಟು ದಿನದಿಂದ ಶಾಲೆಗೆ ಹೋಗದಿರುವುದು ಕಾಣುತ್ತದೆ. ಮನೆಯವರು ಬೆಂಗಳೂರಿಗೆ ಗುಳೆ ಹೊರಟಿದ್ದಾರೋ, ಹದಿನೈದಕ್ಕೇ ಲಗ್ನ ಗೊತ್ತುಮಾಡಿದ್ದಾರೋ, ಆಕೆ ಹೋಗಿ ವಿಚಾರಿಸುತ್ತಾಳೆ. ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾಳೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡೆಯದು. ಹೆಂಗಸರದು ಶೇಕಡಾ 41ರಷ್ಟೇ. ಇವರೆಲ್ಲ ಒಂದೇ ದಿನ ಶಾಲೆಯಿಂದ ಮಾಯವಾದವರಲ್ಲ. ಒಬ್ಬೊಬ್ಬಳೇ ಹೋಗುವಾಗ ನೋಡಿದವರು ಸುಮ್ಮನಿದ್ದರು, ಇಲ್ಲವೇ ಯಾರೂ ನೋಡಲೇ ಇಲ್ಲ.

ಹೊರಗೆ ನೋಡಿದಂತೆ ಒಳಗೂ ನೋಡಿಕೊಳ್ಳಬೇಕು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯೊಬ್ಬಳು ಗಟ್ಟಿಯಾಗಿ ನಕ್ಕರೆ, 'ಯಾರ ಮನಿ ಮಗಳು ಈಕಿ?' ಎಂಬ ಪ್ರಶ್ನೆ ಎಷ್ಟೋ ಮನಸ್ಸುಗಳಲ್ಲಿ ಏಳುತ್ತದೆ. ಆ ಪ್ರಶ್ನೆ ನಿಜವಾಗಿ ನಮ್ಮದೋ, ನಮ್ಮ ತಲೆ ಬಗ್ಗಿಸಿದವರು ಒಳಗೆ ತುಂಬಿಟ್ಟದ್ದೋ? ಒಂದು ಗಳಿಗೆ ತಡೆದು ಕೇಳಿಕೊಂಡರೆ ಅದು ನಾಲಿಗೆಗೆ ಬರುವ ಮೊದಲೇ ನಿಲ್ಲುತ್ತದೆ.

ಅಕ್ಕಂದಿರೇ, ತಂಗಿಯರೇ, ಇದಕ್ಕೆ ದುಡ್ಡು ಬೇಡ, ಯಾರ ಅಪ್ಪಣೆಯೂ ಬೇಡ. ಸಂಜೆ ಮಗಳು ಮನೆಗೆ ಬಂದಾಗ "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಮೊದಲು "ದಾರ್ಯಾಗ ಏನೇನ ನೋಡಿದಿ?" ಎಂದು ಕೇಳಿ. ಮೊದಲ ದಿನ "ಏನಿಲ್ಲ" ಅಂದಾಳು. ಬಿಡಬೇಡಿ, ಮರುದಿನವೂ ಕೇಳಿ.