ಆಕ್ರಮಣಕಾರನಿಗೆ ನಮ್ಮ ಕಾವಲೇಕೆ?

2003ರಲ್ಲಿ ಇರಾಕಿಗೆ ಸೇನೆ ಕಳುಹಿಸದೆ ಭಾರತವು ಸುವರ್ಣಾವಕಾಶವನ್ನು ಕೈಚೆಲ್ಲಿತೆಂದು ವಾದಿಸುವವರು ಇಂದಿಗೂ ಇದ್ದಾರೆ. ಆಕ್ರಮಣ ತಪ್ಪೇ ಇರಬಹುದು, ಆದರೆ ಆದದ್ದು ಆಗಿಹೋಗಿತ್ತು. ಅರಾಜಕತೆಯಲ್ಲಿ ನರಳುತ್ತಿದ್ದ ಜನರಿಗೆ ಭದ್ರತೆ ಒದಗಿಸುವುದು ಮಾನವೀಯ ಕರ್ತವ್ಯವಾಗಿರಲಿಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹಗುರವಾದುದಲ್ಲ. ಆಸ್ಪತ್ರೆಗಳೂ ವಸ್ತುಸಂಗ್ರಹಾಲಯವೂ ಲೂಟಿಯಾದ ಬಗ್ದಾದಿನ ಜನರು ಶಾಂತಿಗಾಗಿ ಹಂಬಲಿಸುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಆ ಅರಾಜಕತೆ ಆಕಾಶದಿಂದ ಉದುರಿತ್ತೇ? 2003ರ ಮೇ 23ರಂದು ಇರಾಕಿನ ಇಡೀ ಸೇನೆಯನ್ನು ಒಂದೇ ಆದೇಶದಿಂದ ವಿಸರ್ಜಿಸಿ, ಆಯುಧ ಹಿಡಿಯಬಲ್ಲ ಲಕ್ಷಾಂತರ ಮಂದಿಯನ್ನು ಬೀದಿಪಾಲು ಮಾಡಿದವರು ಅಮೆರಿಕದ ಆಡಳಿತಗಾರ ಪೌಲ್ ಬ್ರೆಮರ್. ಅದರ ಹಿಂದಿನ ದಿನವಷ್ಟೇ ವಿಶ್ವಸಂಸ್ಥೆಯ 1483ನೇ ನಿರ್ಣಯವು ಅಮೆರಿಕ ಮತ್ತು ಬ್ರಿಟನ್‌ಗಳನ್ನು ಆ ನೆಲವನ್ನು ಆಕ್ರಮಿಸಿಕೊಂಡಿರುವ ಶಕ್ತಿಗಳೆಂದೇ ಗುರುತಿಸಿತ್ತು. ಜನರ ರಕ್ಷಣೆಯ ಹೊಣೆ ಅಂತಾರಾಷ್ಟ್ರೀಯ ಕಾನೂನಿನಂತೆ ಅವರದೇ ಆಗಿತ್ತು. ಆ ಹೊಣೆಯನ್ನು ಹಗುರಗೊಳಿಸಿಕೊಳ್ಳಲೆಂದೇ ಉತ್ತರ ಇರಾಕಿಗೆ ಸುಮಾರು 17,000 ಭಾರತೀಯ ಸೈನಿಕರನ್ನು ಕೇಳಲಾಯಿತು. ಆಕ್ರಮಣಕಾರನ ಪರವಾಗಿ ತಪಾಸಣೆಗೆ ನಿಂತ ಭಾರತೀಯ ಯೋಧನನ್ನು ಮೊಸುಲ್‌ನ ತಾಯಿಯೊಬ್ಬಳು ಶಾಂತಿದೂತನೆಂದು ಹೇಗೆ ನಂಬಬೇಕಿತ್ತು?

ಆ ನೆಲಕ್ಕೆ ನಮ್ಮವರು ಹೊಸಬರೂ ಅಲ್ಲ. 1916ರಲ್ಲಿ ಕೂತ್ ಪಟ್ಟಣದಲ್ಲಿ ಹಸಿವಿನಿಂದ ಕಂಗೆಟ್ಟು ಶರಣಾದವರಲ್ಲಿ ಬ್ರಿಟಿಷ್ ಧ್ವಜದಡಿ ಹೋರಾಡಿದ ಸಾವಿರಾರು ಭಾರತೀಯರಿದ್ದರು. ಮರುವರ್ಷ ಬಗ್ದಾದನ್ನು ಹಿಡಿದ ಜನರಲ್ ಮಾಡ್, ತಾವು ವಿಮೋಚಕರೆಂದು ಸಾರಿದರು. (ಈ ಶಬ್ದ 2003ರಲ್ಲೂ ಕೇಳಿಬಂತು!) 1920ರಲ್ಲಿ ಇರಾಕಿಗಳು ದಂಗೆಯೆದ್ದಾಗ ಅದನ್ನು ಹತ್ತಿಕ್ಕಲು ಬ್ರಿಟನ್ ಮತ್ತೆ ಭಾರತದಿಂದಲೇ ಪಡೆಗಳನ್ನು ತರಿಸಿತು. ಇನ್ನು ಶ್ರೀಲಂಕಾಕ್ಕೆ 1987ರಲ್ಲಿ ಒಪ್ಪಂದದ ಮೇರೆಗೇ ತೆರಳಿದ ಶಾಂತಿಪಾಲನಾ ಪಡೆ ಸಾವಿರಕ್ಕೂ ಮಿಕ್ಕಿ ಯೋಧರನ್ನು ಕಳೆದುಕೊಂಡು 1990ರಲ್ಲಿ ಮರಳಿತು.

ವಾಜಪೇಯಿ ಸರಕಾರದೊಂದಿಗೆ ನಮಗಿದ್ದ ಭಿನ್ನಾಭಿಪ್ರಾಯಗಳು ಅಪಾರ. ಆದರೂ 2003ರ ಜುಲೈ 14ರಂದು ಅದು ಕೈಗೊಂಡ ನಿರಾಕರಣೆಯ ತೀರ್ಮಾನ ಸರಿಯಾಗಿತ್ತೆಂದು ಒಪ್ಪಲು ನಮಗೆ ಸಂಕೋಚವಿಲ್ಲ. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿದ್ದರೆ ಪರಿಶೀಲಿಸಬಹುದೆಂಬ ಅದರ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಭದ್ರತಾ ಮಂಡಳಿಯ ಮೊಹರು ಬಿದ್ದ ಬಳಿಕವೂ ಅಧಿಪತ್ಯ ಅಮೆರಿಕದ ಕೈಯಲ್ಲೇ ಇತ್ತಲ್ಲವೇ?

ಭಾರತ ಬೇಡ, ಮುಸ್ಲಿಮ್ ರಾಷ್ಟ್ರವೊಂದರ ಸೇನೆ ಹೋಗಬಹುದಿತ್ತಲ್ಲ ಎನ್ನುವವರು ನಮ್ಮವರಲ್ಲೂ ಇದ್ದಾರೆ. ಅವರು ತುರ್ಕಿಯನ್ನು ನೆನಪಿಸಿಕೊಳ್ಳಲಿ. 2003ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಸೇನೆ ಕಳುಹಿಸಲು ಸಮ್ಮತಿಸಿತ್ತು. ಬೇಡವೆಂದದ್ದು ಅಮೆರಿಕವೇ ನೇಮಿಸಿದ್ದ ಇರಾಕಿ ಆಡಳಿತ ಮಂಡಳಿ. ನವೆಂಬರಿನಲ್ಲಿ ತುರ್ಕಿ ಆ ಯೋಚನೆಯನ್ನೇ ಕೈಬಿಟ್ಟಿತು.