ಮಿದುಳಿನ ಬಾಗಿಲು

ನಮ್ಮ ಅಣ್ಣನವರಿಗೆ ಕಂಪವಾತ. ಈಗಿನವರು ಅದನ್ನು ಪಾರ್ಕಿನ್ಸನ್ ರೋಗವೆನ್ನುವರು. ಅತ್ತಿಗೆಯವರು ಅಕ್ಕರೆಯಿಂದ ಲೆವೊಡೋಪ ಮಾತ್ರೆಯನ್ನು ಗಟ್ಟಿ ಹಾಲಿನೊಡನೆ ಕೊಡುತ್ತಿದ್ದರು. ಆದರೂ ಕೈಕಾಲುಗಳ ಬಿಗಿತ ಇಳಿಯಲೊಲ್ಲದು. ಇದರ ಕಾರಣವು ಸ್ವೀಡನ್ ದೇಶದ ಆರ್ವಿಡ್ ಕಾರ್ಲ್‌ಸನ್ನರ ಸಂಶೋಧನೆಯಿಂದ ತಿಳಿಯುವುದು.

1957ರಲ್ಲಿ ಅವರು ಮೊಲಗಳಿಗೆ ರೆಸರ್ಪಿನ್ ಕೊಟ್ಟರು; ಅದು ನಮ್ಮ ಸರ್ಪಗಂಧಿಯ ಬೇರಿನಲ್ಲಿರುವ ಸತ್ತ್ವ. ಮೊಲಗಳು ಜಡವಾಗಿ ಬಿದ್ದವು. ಡೋಪವೆಂಬ ಅಮೈನೋ ಆಮ್ಲವನ್ನು ಸೂಜಿಯ ಮೂಲಕ ಕೊಡಲು, ಎದ್ದು ಓಡಾಡಿದವು! ಡೋಪದಿಂದ ಹುಟ್ಟುವ ಡೋಪಮೀನ್ ಮಿದುಳಿನಲ್ಲಿ ಸಹಜವಾಗಿಯೇ ಇರುವುದೆಂದು ಮರುವರ್ಷ ತೋರಿಸಿದರು. ಕಂಪವಾತದಲ್ಲಿ ಕುಂದುವುದು ಅದೇ. 2000ನೆಯ ಇಸವಿಯ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು.

ಹಾಗಾದರೆ ಡೋಪಮೀನನ್ನೇ ಕೊಡಬಾರದೇಕೆ? ರಕ್ತಕ್ಕೂ ಮಿದುಳಿಗೂ ನಡುವೆ ತಡೆಗೋಡೆಯೊಂದುಂಟು. ಡೋಪಮೀನ್ ಅದನ್ನು ದಾಟಲಾರದು. ಡೋಪವಾದರೋ ಅಮೈನೋ ಆಮ್ಲಗಳ ಬಾಗಿಲಿನಿಂದ ಒಳಹೊಗುವುದು. ಹಾಲು ಬೇಳೆಗಳ ಪ್ರೋಟೀನು ಜೀರ್ಣವಾಗಿ ಬರುವ ಅಮೈನೋ ಆಮ್ಲಗಳೂ ಅದೇ ಬಾಗಿಲಿಗೆ ನುಗ್ಗುವುದರಿಂದ ಡೋಪಕ್ಕೆ ದಾರಿ ಇಕ್ಕಟ್ಟಾಗುವುದು.

ವೈದ್ಯರನ್ನು ಕೇಳಿ, ಅತ್ತಿಗೆಯವರು ಈಗ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ನೀರಿನೊಡನೆ ಕೊಡುವರು. ಹಾಲನ್ನು ಬಿಡಿಸಿಲ್ಲ, ಹೊತ್ತನ್ನು ಬದಲಿಸಿದ್ದಾರೆ, ಅಷ್ಟೆ. ಕಳೆದ ವಾರ ಅಣ್ಣನವರು ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು. ಮನೆಯಲ್ಲಿ ಇಂಥ ಹಿರಿಯರುಳ್ಳ ವಾಚಕರು ತಮ್ಮ ವೈದ್ಯರನ್ನು ಈ ಮಾತೊಂದನ್ನು ಕೇಳತಕ್ಕದ್ದು.